ಎಂಜಿನಿಯರಿಂಗ್‌ಗೆ ಬಂದವರಿಗೂ ಪ್ರಬಂಧ ಬರೆಯುವ ಕೆಲಸ: ಅಮೆರಿಕದ ಮೊದಲ ವರ್ಷದ ಬರವಣಿಗೆ ತರಗತಿಯ ಒಳಹೊರಗು

ಅಮೆರಿಕದಲ್ಲಿ ಕಂಪ್ಯೂಟರ್ ಸೈನ್ಸ್ ಪದವಿಗೆ ಸೀಟು ಸಿಕ್ಕವರ ಮೊದಲ ಸೆಮಿಸ್ಟರಿನ ವೇಳಾಪಟ್ಟಿಯಲ್ಲಿ ಕ್ಯಾಲ್ಕುಲಸ್, ಭೌತಶಾಸ್ತ್ರ, ಪ್ರೋಗ್ರಾಮಿಂಗ್‌ಗಳ ನಡುವೆ ಮೂರು ಅಥವಾ ನಾಲ್ಕು ಕ್ರೆಡಿಟ್‌ನ ಬರವಣಿಗೆ ತರಗತಿಯೊಂದು ಕೂತಿರುತ್ತದೆ. ಅದನ್ನು ಕಂಡೊಡನೆ ಮನೆಯಲ್ಲಿ ಏಳುವ ಪ್ರಶ್ನೆ ಒಂದೇ: “ಎಲ್‌ಕೆಜಿಯಿಂದ ಇಂಗ್ಲಿಷ್ ಮೀಡಿಯಂ, ಟೋಫೆಲ್ ಎಂಬ ಇಂಗ್ಲಿಷ್ ಪರೀಕ್ಷೆಯಲ್ಲೂ ಒಳ್ಳೆಯ ಅಂಕ, ಇನ್ನು ಯಾವ ಇಂಗ್ಲಿಷ್ ಕಲಿಯಬೇಕಪ್ಪಾ ಇವನು?” ಅಮೆರಿಕದಲ್ಲೇ ಹುಟ್ಟಿ ಬೆಳೆದ, ಮನೆಯಲ್ಲಿ ಇಂಗ್ಲಿಷ್ ಬಿಟ್ಟು ಬೇರೇನೂ ಕೇಳದ ಮಕ್ಕಳೂ ಪಕ್ಕದ ಬೆಂಚಿನಲ್ಲಿ ಕೂತು ಇದೇ ತರಗತಿ ಓದುತ್ತಾರೆ, ಅವರಲ್ಲಿ ಕೆಲವರು ಫೇಲೂ ಆಗುತ್ತಾರೆ ಎಂದರೆ ಆ ಪ್ರಶ್ನೆಗೆ ಅರ್ಧ ಉತ್ತರ ಸಿಕ್ಕಂತೆ.

ಈ ಕಡ್ಡಾಯಕ್ಕೆ ಹಳೆಯ ಬೇರಿದೆ. ಹಾರ್ವರ್ಡ್ 1874ರಲ್ಲಿ ಪ್ರವೇಶ ಪರೀಕ್ಷೆಯಲ್ಲಿ ಇಂಗ್ಲಿಷ್ ಪ್ರಬಂಧ ಬರೆಸಲು ತೊಡಗಿತು. ಒಳ್ಳೆಯ ಮನೆತನದ, ಒಳ್ಳೆಯ ಶಾಲೆಯ ಹುಡುಗರು ಬರೆದದ್ದನ್ನು ಓದಿ ಅಧ್ಯಾಪಕರು ಹೌಹಾರಿದರು. 1885ರ ಹೊತ್ತಿಗೆ ‘ಇಂಗ್ಲಿಷ್ ಎ’ ಮೊದಲ ವರ್ಷದ ಪಾಠವಾಗಿ ನೆಲೆಯಾಯಿತು. ಅಲ್ಲಿಂದ ಹೆಚ್ಚುಕಡಿಮೆ ಇಡೀ ದೇಶಕ್ಕೆ ಹಬ್ಬಿತು. ಇಂದು ಹೆಸರು ಒಂದೊಂದು ಕಡೆ ಒಂದೊಂದು. ಪರ್ಡ್ಯೂನಲ್ಲಿ ಇಂಗ್ಲಿಷ್ 106, ಓಹಾಯೋ ಸ್ಟೇಟ್‌ನಲ್ಲಿ ಇಂಗ್ಲಿಷ್ 1110, ಇಲಿನಾಯ್‌ನ ಅರ್ಬಾನಾ–ಶಾಂಪೇನ್‌ನಲ್ಲಿ ರೆಟರಿಕ್ 105, ಸ್ಟ್ಯಾನ್‌ಫರ್ಡ್‌ನಲ್ಲಿ ಪಿಡಬ್ಲ್ಯುಆರ್ (ಪ್ರೋಗ್ರಾಮ್ ಇನ್ ರೈಟಿಂಗ್ ಅಂಡ್ ರೆಟರಿಕ್). ಟೆಕ್ಸಾಸ್ ರಾಜ್ಯದ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಯಾವ ಪದವಿಗಾದರೂ ಸಂವಹನದ ಆರು ಕ್ರೆಡಿಟ್ ಬೇಕು. ಬಹಳಷ್ಟು ಮಂದಿ ಅದನ್ನು 1301, 1302 ಎಂಬ ಎರಡು ಇಂಗ್ಲಿಷ್ ತರಗತಿಗಳಲ್ಲಿ ತೀರಿಸುತ್ತಾರೆ.

ನಾನು ಕೆಲವು ವರ್ಷ ಇಂಥದೊಂದು ವಿಶ್ವವಿದ್ಯಾಲಯದ ಬರವಣಿಗೆ ಕೇಂದ್ರದಲ್ಲಿ ಟ್ಯೂಟರ್ ಆಗಿದ್ದೆ. ನಮ್ಮ ಕಡೆಯ ಮಕ್ಕಳು ಅಲ್ಲಿ ಮುಗ್ಗರಿಸಿದ್ದು ಇಂಗ್ಲಿಷ್ ಬಾರದೆ ಅಲ್ಲ. ಸಹಾಯ ರಾಶಿ ರಾಶಿ ಬಿದ್ದಿರುತ್ತದೆ. ಆದರೆ ತಾನಾಗಿ ಬಂದು ಬಾಗಿಲು ತಟ್ಟುವುದಿಲ್ಲ. ಗಡುವು ಮೀರುವ ಮೊದಲು, ಬರಹದಲ್ಲಿ, ನೀವೇ ಕೇಳಬೇಕು. ಕೇಳುವುದೆಂದರೆ ಸೋಲೊಪ್ಪಿಕೊಂಡಂತೆ ಎಂದು ಬೆಳೆದವರಿಗೆ ಇಲ್ಲಿ ಅಂಕ ಹೋಗುತ್ತದೆ, ಕೆಲವೊಮ್ಮೆ ವೀಸಾಕ್ಕೂ ಕುತ್ತು ಬರುತ್ತದೆ.

ಯಾವ ತರಗತಿಗೆ ಸೇರಬೇಕು?

ಇದನ್ನು ತೀರ್ಮಾನಿಸುವ ಬಗೆ ಊರಿಗೊಂದು. ಕೆಲವು ಕಡೆ ಕಾಲೇಜು ಪ್ರವೇಶಕ್ಕೆ ಬರೆಯುವ ಎಸ್‌ಎಟಿ, ಎಸಿಟಿ ಪರೀಕ್ಷೆಗಳ ಅಂಕ ನೋಡುತ್ತಾರೆ. ಕೆಲವು ಕಡೆ ಬೇಸಿಗೆಯಲ್ಲೇ ಆನ್‌ಲೈನ್‌ನಲ್ಲಿ ಪ್ರಬಂಧ ಬರೆಸುತ್ತಾರೆ. ಇನ್ನು ಕೆಲವು ಕಡೆ ವಿದ್ಯಾರ್ಥಿಯೇ ಪ್ರಶ್ನಾವಳಿಗೆ ಉತ್ತರಿಸಿ ತನಗೆ ಯಾವ ಹಂತ ಸರಿ ಎಂದು ಆರಿಸಿಕೊಳ್ಳುತ್ತಾನೆ. ಮಿಷಿಗನ್‌ನ ಗ್ರ್ಯಾಂಡ್ ವ್ಯಾಲಿ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ 1996ರಲ್ಲಿ ಶುರುವಾದ ಈ ಪದ್ಧತಿ ಈಗ ಹಲವೆಡೆ ಇದೆ. ಕ್ಯಾಲಿಫೋರ್ನಿಯಾದ ಸಮುದಾಯ ಕಾಲೇಜುಗಳಲ್ಲಂತೂ 2017ರ ಕಾನೂನಿನ ನಂತರ ಹೈಸ್ಕೂಲಿನ ಅಂಕಗಳಿಗೇ ಹೆಚ್ಚು ತೂಕ. ಹೆಚ್ಚಿನವರನ್ನು ನೇರವಾಗಿ ವಿಶ್ವವಿದ್ಯಾಲಯ ಮಟ್ಟದ ತರಗತಿಗೇ ಸೇರಿಸುತ್ತಾರೆ. ಪಿಯುಸಿಯ ಇಂಗ್ಲಿಷ್ ಅಂಕ ಎಷ್ಟೇ ಇದ್ದರೂ ಸಾಮಾನ್ಯವಾಗಿ ಇದಕ್ಕೆ ಸಮವೆಂದು ಲೆಕ್ಕಕ್ಕೆ ಬರುವುದಿಲ್ಲ.

ಅನೇಕ ವಿಶ್ವವಿದ್ಯಾಲಯಗಳಲ್ಲಿ ಬೇರೆ ಭಾಷೆಯ ಹಿನ್ನೆಲೆಯವರಿಗೆಂದೇ ಪ್ರತ್ಯೇಕ ವಿಭಾಗಗಳಿವೆ. ಅರಿಜೋನಾ ಸ್ಟೇಟ್‌ನಲ್ಲಿ 101, 102ಕ್ಕೆ ಬದಲಾಗಿ 107, 108 ಎಂಬ ಜೋಡಿ ಇದೆ. ಕ್ರೆಡಿಟ್ ಅಷ್ಟೇ, ಪದವಿಗೆ ಸಲ್ಲುವುದೂ ಹಾಗೆಯೇ. “ಅದು ದಡ್ಡರ ತರಗತಿ” ಎಂಬ ಮಾತು ನಮ್ಮವರ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಓಡಾಡುತ್ತದೆ, ಕಿವಿಗೆ ಹಾಕಿಕೊಳ್ಳಬೇಡಿ. ಅಲ್ಲಿ ಪಾಠ ಮಾಡುವವರಿಗೆ ಎರಡು ಮೂರು ಭಾಷೆಗಳಲ್ಲಿ ಯೋಚಿಸುವವರ ವಾಕ್ಯ ಎಲ್ಲಿ ತೊಡರುತ್ತದೆ ಎಂಬುದು ಗೊತ್ತಿರುತ್ತದೆ.

ಅಮೆರಿಕದಲ್ಲೇ ಬೆಳೆದ ಮಕ್ಕಳ ಮನೆಗಳಲ್ಲಿ ಎಪಿ ಪರೀಕ್ಷೆಯ, ಅಂದರೆ ಹೈಸ್ಕೂಲಿನಲ್ಲೇ ಬರೆಯುವ ಕಾಲೇಜು ಮಟ್ಟದ ಪರೀಕ್ಷೆಯ ಚರ್ಚೆ ಬೇರೆ. ಎಪಿ ಇಂಗ್ಲಿಷ್‌ನಲ್ಲಿ ಐದಕ್ಕೆ ನಾಲ್ಕೋ ಐದೋ ಬಂದರೆ ಬಹಳ ಕಡೆ ಈ ತರಗತಿಯನ್ನು ಬಿಟ್ಟುಬಿಡಬಹುದು. ಮೂರು ಕ್ರೆಡಿಟ್‌ನ ಹಣವೂ ಉಳಿಯುತ್ತದೆ. ಮಗಳನ್ನು ಡಾಕ್ಟರ್ ಮಾಡುವ ಆಸೆ ಇರುವವರು ಮಾತ್ರ ಸ್ವಲ್ಪ ತಡೆಯಿರಿ: ಇಂಗ್ಲಿಷ್ ತರಗತಿಯನ್ನು ಕಾಲೇಜಿನಲ್ಲೇ ಓದಿರಬೇಕು, ಎಪಿ ನಡೆಯದು ಎನ್ನುವ ವೈದ್ಯಕೀಯ ಕಾಲೇಜುಗಳಿವೆ. ಇನ್ನೊಂದು ಲೆಕ್ಕವನ್ನು ಯಾರೂ ಹಾಕುವುದಿಲ್ಲ. ಕಾಲೇಜು ಬರವಣಿಗೆ ಕಲಿಸುವ ಅಧ್ಯಾಪಕರ ರಾಷ್ಟ್ರೀಯ ಸಂಘಟನೆ ಒಂದು ತರಗತಿಯಲ್ಲಿ ಇಪ್ಪತ್ತಕ್ಕಿಂತ ಹೆಚ್ಚು ಮಂದಿ ಇರಬಾರದು, ಹದಿನೈದಾದರೆ ಇನ್ನೂ ಒಳ್ಳೆಯದು ಎಂದು ಹೇಳುತ್ತಾ ಬಂದಿದೆ. ಎಲ್ಲ ಕಡೆ ಅದು ಪಾಲನೆಯಾಗದಿದ್ದರೂ, ಮುನ್ನೂರು ಮಂದಿ ಕೂರುವ ರಸಾಯನಶಾಸ್ತ್ರದ ಸಭಾಂಗಣದ ಪಕ್ಕದಲ್ಲಿ ಮೊದಲ ವರ್ಷ ಅಧ್ಯಾಪಕರಿಗೆ ನಿಮ್ಮ ಹೆಸರು ಗೊತ್ತಿರುವ ತರಗತಿ ಬಹುಶಃ ಇದೊಂದೇ. ಮುಂದೆ ವಿದ್ಯಾರ್ಥಿವೇತನಕ್ಕೋ ಇಂಟರ್ನ್‌ಶಿಪ್‌ಗೋ ಶಿಫಾರಸು ಪತ್ರ ಬೇಕಾದಾಗ ಅದರ ಬೆಲೆ ತಿಳಿಯುತ್ತದೆ.

ಸಿಲಬಸ್ ಎಂಬ ಕರಾರು ಪತ್ರ

ನಮ್ಮಲ್ಲಿ ಸಿಲಬಸ್ ಎಂದರೆ ಪರೀಕ್ಷೆಗೆ ಬರುವ ಪಾಠಗಳ ಪಟ್ಟಿ. ಇಲ್ಲಿ ಅದು ಹತ್ತು ಹನ್ನೆರಡು ಪುಟದ ನಿಯಮಾವಳಿ. ಮೊದಲ ವಾರ ಕ್ಯಾನ್ವಾಸ್‌ನಂಥ, ತರಗತಿಯ ಕೆಲಸಕ್ಕೆಂದೇ ಇರುವ ಜಾಲತಾಣದಲ್ಲಿ ಹಾಕಿರುತ್ತಾರೆ, ತರಗತಿಯಲ್ಲಿ ಅದರ ಮೇಲೆ ಕಣ್ಣಾಡಿಸಿ ಮುಂದೆ ಹೋಗುತ್ತಾರೆ. ಆಮೇಲೆ ಯಾವ ತಕರಾರು ಎದ್ದರೂ ಎರಡೂ ಕಡೆಯವರು ಬೆರಳಿಟ್ಟು ತೋರಿಸುವುದು ಅದನ್ನೇ. ಹಾಜರಾತಿ, ತಡವಾದ ಕೆಲಸ, ಅಂಕಗಳ ಹಂಚಿಕೆ, ಕೃತಕ ಬುದ್ಧಿಮತ್ತೆ ಈ ನಾಲ್ಕು ಭಾಗಗಳನ್ನು ಪೂರ್ತಿ ಓದಿ. ಒಂದೇ ಕಟ್ಟಡದಲ್ಲಿ ಎದುರು ಬದುರು ಕೊಠಡಿಯ ಇಬ್ಬರು ಅಧ್ಯಾಪಕರ ನಿಯಮ ಬೇರೆ ಬೇರೆ ಇರಬಹುದು. ರೂಮ್‌ಮೇಟ್ ಹೇಳಿದ್ದನ್ನು ನಂಬಿ ಕೂರಬೇಡಿ.

ಹಾಜರಾತಿಯ ವಿಷಯಕ್ಕೆ ಬಂದರೆ, ಈ ತರಗತಿಯಲ್ಲಿ ಸಾಮಾನ್ಯವಾಗಿ ಅಂತಿಮ ಪರೀಕ್ಷೆಯೇ ಇರುವುದಿಲ್ಲ. ಆದ್ದರಿಂದ ಸೆಮಿಸ್ಟರಿಡೀ ತಿರುಗಾಡಿಕೊಂಡಿದ್ದು ಕೊನೆಯ ಹದಿನೈದು ದಿನ ರಾತ್ರಿ ಹಗಲು ಓದಿ ಪಾಸಾಗುವ ನಮ್ಮ ಹಳೆಯ ವಿದ್ಯೆ ಇಲ್ಲಿ ನಡೆಯುವುದಿಲ್ಲ. ವಾರಕ್ಕೆ ಎರಡು ದಿನದ ತರಗತಿಯಾದರೆ ಮೂರು ನಾಲ್ಕು ಗೈರುಹಾಜರಿಯವರೆಗೆ ಸಹಿಸುತ್ತಾರೆ, ಆಮೇಲೆ ಒಂದೊಂದಕ್ಕೂ ಗ್ರೇಡ್ ಇಳಿಯುತ್ತದೆ, ಒಂದು ಮಿತಿ ದಾಟಿದರೆ ಫೇಲ್. ಹೆಚ್ಚುಕಡಿಮೆ ಎಲ್ಲೆಡೆ ಇದೇ ಮಾದರಿ. ಮತ್ತೊಂದು ಸಂಗತಿ: ಬಹಳ ಕಡೆ ಈ ತರಗತಿಯಲ್ಲಿ ಕನಿಷ್ಠ ‘ಸಿ’ ಬಂದರೆ ಮಾತ್ರ ಕಡ್ಡಾಯ ತೀರಿತು ಎನ್ನುತ್ತಾರೆ. ‘ಡಿ’ ಬಂದರೆ ಕ್ರೆಡಿಟ್ ಸಿಕ್ಕರೂ ತರಗತಿಯನ್ನು ಮತ್ತೆ ಓದಬೇಕಾದೀತು.

ಗಣೇಶನ ಹಬ್ಬ ಬರುವುದು ಆಗಸ್ಟ್ ಕೊನೆ ಅಥವಾ ಸೆಪ್ಟೆಂಬರಿನಲ್ಲಿ, ಅಂದರೆ ಫಾಲ್ ಸೆಮಿಸ್ಟರಿನ ಮೊದಲ ವಾರಗಳಲ್ಲಿ. ದೀಪಾವಳಿ ಬರುವುದು ದೊಡ್ಡ ಪ್ರಬಂಧದ ಗಡುವು ಹತ್ತಿರವಾದಾಗ. ಧಾರ್ಮಿಕ ಆಚರಣೆಗೆ ರಜೆ ಕೊಡುವ ನಿಯಮ ಹೆಚ್ಚಿನ ವಿಶ್ವವಿದ್ಯಾಲಯಗಳಲ್ಲಿದೆ, ಟೆಕ್ಸಾಸ್‌ನಂಥ ರಾಜ್ಯಗಳಲ್ಲಿ ಕಾನೂನಿನಲ್ಲೇ ಇದೆ. ಆದರೆ ಸೆಮಿಸ್ಟರ್ ಶುರುವಾದ ಒಂದೆರಡು ವಾರದೊಳಗೆ ದಿನಾಂಕಗಳನ್ನು ಬರೆದು ತಿಳಿಸಬೇಕೆಂಬ ಷರತ್ತು ಹಲವೆಡೆ ಇರುತ್ತದೆ. ಹಬ್ಬದ ಮರುದಿನ ಹೋಗಿ “ನಿನ್ನೆ ಮನೆಯಲ್ಲಿ ಪೂಜೆ ಇತ್ತು” ಎಂದರೆ ಅದು ಬರೀ ಗೈರುಹಾಜರಿ. ಡಿಸೆಂಬರಿನಲ್ಲಿ ಬೆಂಗಳೂರಿಗೆ ಟಿಕೆಟ್ ತೆಗೆಸುವ ಅಪ್ಪಂದಿರಿಗೂ ಒಂದು ಮಾತು: ಕೊನೆಯ ಬರಹಗಳ ಕಡತ ಒಪ್ಪಿಸುವ ದಿನ ಸಿಲಬಸ್‌ನಲ್ಲಿ ಆಗಸ್ಟಿನಲ್ಲೇ ಇರುತ್ತದೆ. ಟಿಕೆಟ್ ಅಗ್ಗಕ್ಕೆ ಸಿಕ್ಕಿತು ಎಂಬುದು ಯಾವ ವಿಶ್ವವಿದ್ಯಾಲಯದ ವಿನಾಯಿತಿ ಪಟ್ಟಿಯಲ್ಲೂ ಇಲ್ಲ.

ಗಡುವು ವಿಸ್ತರಣೆಯನ್ನು ಗಡುವಿಗೆ ಒಂದೆರಡು ದಿನ ಮುಂಚೆ ಕೇಳಿದರೆ ಹೆಚ್ಚಿನ ಅಧ್ಯಾಪಕರು ಕೊಟ್ಟುಬಿಡುತ್ತಾರೆ. ಅದೇ ಕೋರಿಕೆ ಗಡುವು ದಾಟಿ ಒಂದು ಗಂಟೆಯ ಮೇಲೆ ಬಂದರೆ ದಿನಕ್ಕಿಷ್ಟು ಎಂದು ಅಂಕ ಕಡಿಯುವ ನಿಯಮ ಶುರು. ಇಮೇಲ್‌ನಲ್ಲಿ ತರಗತಿಯ ಸಂಖ್ಯೆ, ನಿಮ್ಮ ವಿಭಾಗ, ಏನು ಬೇಕು, ಎಂದಿಗೆ ಒಪ್ಪಿಸುತ್ತೀರಿ ಇಷ್ಟಿದ್ದರೆ ಸಾಕು. ಅಜ್ಜಿಯ ಕಾಯಿಲೆ, ಅಪ್ಪನ ವರ್ಗಾವಣೆ, ಇಂಟರ್‌ನೆಟ್ ತೊಂದರೆ ಎಲ್ಲವನ್ನೂ ಒಂದು ಪುಟ ವಿವರಿಸಿ ಕೊನೆಯಲ್ಲಿ ಕೇಳಬೇಕಾದದ್ದನ್ನು ಮರೆತುಬಿಡುವುದು ನಮ್ಮ ಅಭ್ಯಾಸ.

ಕರಡು, ಮತ್ತೆ ಕರಡು

ಒಂದು ಸೆಮಿಸ್ಟರಿನಲ್ಲಿ ಮೂರೋ ನಾಲ್ಕೋ ದೊಡ್ಡ ಬರಹಗಳಿರುತ್ತವೆ. ಓದು ಬರಹದ ಜೊತೆ ನಿಮ್ಮ ನಂಟಿನ ಕಥನ, ಬೇರೊಬ್ಬರ ಬರಹ ಓದುಗರನ್ನು ಹೇಗೆ ಒಲಿಸಿಕೊಳ್ಳುತ್ತದೆ ಎಂಬ ವಿಶ್ಲೇಷಣೆ, ಆಕರಗಳ ಟಿಪ್ಪಣಿ ಪಟ್ಟಿ, ಕೊನೆಗೆ ಸಂಶೋಧನೆ ಆಧರಿಸಿದ ವಾದ. ಪ್ರತಿಯೊಂದಕ್ಕೂ ಕರಡು ಬರೆಯಬೇಕು, ಸಹಪಾಠಿಗಳ ಕರಡು ಓದಿ ಅಭಿಪ್ರಾಯ ಬರೆಯಬೇಕು, ಅಧ್ಯಾಪಕರ ಜೊತೆ ಹತ್ತು ಹದಿನೈದು ನಿಮಿಷ ಒಬ್ಬರೇ ಕೂತು ಮಾತಾಡಬೇಕು, ತಿದ್ದಿ ಮತ್ತೆ ಬರೆಯಬೇಕು. ಕರಡಿಗೂ ಅಂಕ, ಅಭಿಪ್ರಾಯಕ್ಕೂ ಅಂಕ. ಕೊನೆಯ ಪ್ರಬಂಧ ಅಚ್ಚುಕಟ್ಟಾಗಿದ್ದರೂ ನಡುವಿನ ಮೆಟ್ಟಿಲುಗಳು ಕಾಣದಿದ್ದರೆ ‘ಎ’ ಬರುವುದಿಲ್ಲ. ಮೊದಲ ಕಥನದ ಬಗ್ಗೆ ಒಂದು ಕಿವಿಮಾತು: ಅಜ್ಜಿಯ ಉಪ್ಪಿನಕಾಯಿ ಭರಣಿಯ ಮೇಲೆ ಭಾರತದ ಮಕ್ಕಳು ಈಗಾಗಲೇ ಬೇಕಾದಷ್ಟು ಬರೆದಾಗಿದೆ. ಏಳನೇ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ ಎಂಟರಲ್ಲಿ ‘ಫೋಟೋಸಿಂಥೆಸಿಸ್’ ಎದುರಾದವನು ಅದನ್ನೇ ಬರೆಯಲಿ.

ಬರವಣಿಗೆ ಕೇಂದ್ರ ಎಂಬುದು ಈ ಇಡೀ ವ್ಯವಸ್ಥೆಯಲ್ಲೇ ಅತ್ಯಂತ ಉಪಯುಕ್ತ, ನಮ್ಮವರು ಅತ್ಯಂತ ಕಡಿಮೆ ಬಳಸುವ ಜಾಗ. ಶುಲ್ಕವಿಲ್ಲ. ಆನ್‌ಲೈನ್‌ನಲ್ಲಿ ಸಮಯ ಕಾದಿರಿಸಿಕೊಂಡರೆ ಅರ್ಧ ಗಂಟೆಯಿಂದ ಐವತ್ತು ನಿಮಿಷದವರೆಗೆ ಒಬ್ಬ ಟ್ಯೂಟರ್ ನಿಮ್ಮ ಜೊತೆ ಕೂರುತ್ತಾರೆ. ಗಡುವಿನ ಹಿಂದಿನ ಎರಡು ದಿನ ಮಾತ್ರ ಜಾಗವೇ ಸಿಗುವುದಿಲ್ಲ. ಹಲವರು ಬಂದವರೇ ಲ್ಯಾಪ್‌ಟಾಪ್ ತಳ್ಳಿ “ಗ್ರಾಮರ್ ಸರಿ ಮಾಡಿಕೊಡಿ” ಎನ್ನುತ್ತಾರೆ. ಅದನ್ನು ಅಲ್ಲಿ ಮಾಡುವುದಿಲ್ಲ. ಒಂದೇ ಬಗೆಯ ತಪ್ಪು ಮತ್ತೆ ಮತ್ತೆ ಬರುತ್ತಿದ್ದರೆ ತೋರಿಸಿ, ಮುಂದಿನದನ್ನು ನೀವೇ ಹುಡುಕುವಂತೆ ಮಾಡುತ್ತಾರೆ.

ಒಮ್ಮೆ ದಾವಣಗೆರೆ ಕಡೆಯ ಹುಡುಗನೊಬ್ಬ ಬೆಳ್ಳಂದೂರು ಕೆರೆಯ ಬಗ್ಗೆ ಆರು ಪುಟ ಬರೆದುಕೊಂಡು ಬಂದಿದ್ದ. ಜೋರಾಗಿ ಓದು ಎಂದೆ. “ನೀರು ಜೀವಜಲ. ಅನಾದಿಕಾಲದಿಂದ ಮಾನವ ನದಿತೀರಗಳಲ್ಲಿ ನೆಲೆಸಿದ್ದಾನೆ” ಎಂಬಲ್ಲಿಂದ ಶುರು. ಎರಡನೇ ಪುಟದಲ್ಲಿ ಕೆಂಪೇಗೌಡರು, ಮೂರರಲ್ಲಿ ನೊರೆ, 2017 ಮತ್ತು 2018ರಲ್ಲಿ ಕೆರೆಗೆ ಬಿದ್ದ ಬೆಂಕಿ. ಈ ಆರು ಪುಟದಲ್ಲಿ ಬೇರೆ ಯಾರೂ ಬರೆಯಲಾರದ, ನಿನ್ನದೇ ಆದ ವಾಕ್ಯ ಯಾವುದು ಎಂದು ಕೇಳಿದೆ. ಬಹಳ ಹೊತ್ತು ಮೇಲೆ ಕೆಳಗೆ ಹುಡುಕಿದ. ಐದನೇ ಪುಟದ ಅಡಿಯಲ್ಲಿ ಸಿಕ್ಕಿತು: ನೊರೆ ತಡೆಯುವ ತಂತ್ರಜ್ಞಾನ ಎಲ್ಲರಿಗೂ ಗೊತ್ತಿದೆ, ಕೆರೆ ಯಾರ ಸುಪರ್ದಿಯಲ್ಲಿದೆ ಎಂಬುದು ಮಾತ್ರ ಯಾರಿಗೂ ಗೊತ್ತಿಲ್ಲ. “ಅಲ್ಲಿ ಯಾಕೆ ಅಡಗಿಸಿಟ್ಟೆ?” ಎಂದರೆ, “ತೀರ್ಮಾನ ಕೊನೆಗೆ ತಾನೇ ಬರಬೇಕು ಅಕ್ಕ, ಮೊದಲೇ ಹೇಳಿದರೆ ಉದ್ಧಟತನ ಅನಿಸುವುದಿಲ್ಲವೇ?” ಎಂದ. ನಮ್ಮ ಪ್ರಬಂಧಗಳಲ್ಲಿ ಪೀಠಿಕೆ ಹಾಕಿ, ಸುತ್ತು ಬಳಸಿ, ಕೊನೆಗೆ ಉಪಸಂಹಾರದಲ್ಲಿ ಹೇಳಬೇಕಾದದ್ದನ್ನು ಹೇಳುವುದು ಸೌಜನ್ಯ. ಇಲ್ಲಿನ ಓದುಗರು ಮೊದಲ ಪುಟದಲ್ಲೇ ನಿಮ್ಮ ನಿಲುವು ಕೇಳುತ್ತಾರೆ, ಉಳಿದ ಪುಟಗಳಲ್ಲಿ ಅದಕ್ಕೆ ಪುರಾವೆ ಕೇಳುತ್ತಾರೆ. ಅವನು ಆ ವಾಕ್ಯವನ್ನು ಮೊದಲ ಪ್ಯಾರಾಕ್ಕೆ ಎತ್ತಿಟ್ಟ. ಕೆಂಪೇಗೌಡರನ್ನು ಬಿಡಲು ಮನಸ್ಸು ಬಾರದೆ ಒಂದು ಸಾಲಿಗೆ ಇಳಿಸಿದ.

ಯಾರ ಮಾತು ಯಾರದ್ದು

ಪಿಯುಸಿಯಲ್ಲಿ ಪಠ್ಯಪುಸ್ತಕದ ವಾಕ್ಯವನ್ನು ಅಲ್ಪವಿರಾಮ ಸಹಿತ ಬರೆದವನಿಗೆ ಪೂರ್ತಿ ಅಂಕ. ಅದೇ ಕೆಲಸ ಇಲ್ಲಿ ಕೃತಿಚೌರ್ಯ. ವಚನದ ಕೊನೆಗೆ ಅಂಕಿತ ಇರುವುದರಿಂದಲೇ ಇದು ಬಸವಣ್ಣನದು, ಇದು ಅಕ್ಕನದು ಎಂದು ಕೂಡಲೇ ಗೊತ್ತಾಗುತ್ತದಲ್ಲ, ಇಲ್ಲಿನ ಉಲ್ಲೇಖ ಪದ್ಧತಿ ಎರವಲು ಪಡೆದ ಪ್ರತಿ ಮಾತಿಗೂ ಅಂಥ ಅಂಕಿತ ಕೇಳುತ್ತದೆ. ಬೇರೆಯವರ ಪದಗಳನ್ನೇ ಬಳಸಿದರೆ ಉದ್ಧರಣ ಚಿಹ್ನೆಯೂ ಬೇಕು, ಆಕರದ ಹೆಸರೂ ಬೇಕು. ನಿಮ್ಮ ಮಾತಿನಲ್ಲಿ ಹೇಳಿದರೆ ಚಿಹ್ನೆ ಬೇಡ, ಆಕರದ ಹೆಸರು ಬೇಕೇ ಬೇಕು. ಎಡವುವುದು ಈ ಎರಡರ ನಡುವೆ: ಮೂಲದ ವಾಕ್ಯವನ್ನು ಮುಂದಿಟ್ಟುಕೊಂಡು ಒಂದೊಂದು ಪದಕ್ಕೂ ಸಮಾನಾರ್ಥಕ ಹಾಕುತ್ತಾ ಹೋಗುವುದು. ವಾಕ್ಯದ ಮೂಳೆ ಮೂಲದ್ದೇ ಆಗಿರುವುದರಿಂದ ಆಕರ ಹೇಳಿದ್ದರೂ ಅದು ತಪ್ಪು. ಪುಸ್ತಕ ಮುಚ್ಚಿಟ್ಟು, ಓದಿದ್ದನ್ನು ಕನ್ನಡದಲ್ಲಿ ಯಾರಿಗಾದರೂ ಹೇಳಿ, ಆಮೇಲೆ ಇಂಗ್ಲಿಷಿನಲ್ಲಿ ಬರೆಯಿರಿ. ಎರಡು ಭಾಷೆ ಬಲ್ಲವರಿಗಿರುವ ಅನುಕೂಲ ಇದು.

ಗೊತ್ತಿಲ್ಲದೆ ಸಿಕ್ಕಿಬೀಳುವ ಇನ್ನೂ ಎರಡು ದಾರಿಗಳಿವೆ. ಒಂದು ತರಗತಿಗೆ ಬರೆದ ನಿಮ್ಮದೇ ಪ್ರಬಂಧವನ್ನು ಅನುಮತಿ ಇಲ್ಲದೆ ಇನ್ನೊಂದಕ್ಕೆ ಒಪ್ಪಿಸುವುದು. ಕಳೆದ ವರ್ಷದ ಸೀನಿಯರ್ ವಾಟ್ಸ್‌ಆ್ಯಪ್‌ನಲ್ಲಿ ಕೊಟ್ಟ ಪ್ರಬಂಧವನ್ನು ‘ಮಾದರಿಗೆಂದು’ ಇಟ್ಟುಕೊಳ್ಳುವುದು. ಬರಹವನ್ನು ಬೇರೆ ಬರಹಗಳೊಡನೆ ಹೋಲಿಸಿ ನೋಡುವ ಟರ್ನಿಟಿನ್ ತಂತ್ರಾಂಶದ ಭಂಡಾರದಲ್ಲಿ ವಿದ್ಯಾರ್ಥಿಗಳು ಹಿಂದೆ ಒಪ್ಪಿಸಿದ ಬರಹಗಳೂ ಇರುತ್ತವೆ. ಪಡೆದವನ ಜೊತೆ ಕೊಟ್ಟವನಿಗೂ ಶಿಕ್ಷೆ ಆಗುತ್ತದೆ. ಅದು ತೋರಿಸುವ ಶೇಕಡಾವಾರು ಹೋಲಿಕೆ ಮಾತ್ರ ತೀರ್ಪಲ್ಲ. ಉದ್ಧರಣಗಳು, ಗ್ರಂಥಸೂಚಿ ಸೇರಿ ಶೇ 20 ಬಂದರೂ ಏನೂ ತಪ್ಪಿಲ್ಲದಿರಬಹುದು; ಶೇ 5 ಎಂದಿದ್ದರೂ ಅದು ಕದ್ದ ಒಂದು ಇಡೀ ಪ್ಯಾರಾ ಆಗಿರಬಹುದು.

ಚಾಟ್‌ಜಿಪಿಟಿಯಂಥವುಗಳ ವಿಷಯದಲ್ಲಿ ದೇಶಕ್ಕೆಲ್ಲ ಒಂದೇ ನಿಯಮವಿಲ್ಲ, ವಿಶ್ವವಿದ್ಯಾಲಯಕ್ಕೂ ಒಂದೇ ಎಂದೇನಿಲ್ಲ. ಒಬ್ಬರು ಪೂರ್ತಿ ನಿಷೇಧಿಸುತ್ತಾರೆ, ಇನ್ನೊಬ್ಬರು ವಿಷಯ ಹುಡುಕಲು ಬಿಡುತ್ತಾರೆ, ಮತ್ತೊಬ್ಬರು ಬಳಸಿದ್ದನ್ನು ಬರೆದು ತಿಳಿಸಿ ಎನ್ನುತ್ತಾರೆ. ವ್ಯಾಕರಣ ತಿದ್ದುವ ಗ್ರಾಮರ್ಲಿ ಬಳಸಬಹುದೇ, ಕನ್ನಡದಲ್ಲಿ ಬರೆದು ಗೂಗಲ್‌ನಿಂದ ಅನುವಾದಿಸಬಹುದೇ ಎಂದು ಇಮೇಲ್‌ನಲ್ಲಿ ಕೇಳಿ ಉತ್ತರ ಇಟ್ಟುಕೊಳ್ಳಿ. ಯಂತ್ರ ಬರೆದದ್ದನ್ನು ಪತ್ತೆಹಚ್ಚುತ್ತೇವೆ ಎನ್ನುವ ಸಾಧನಗಳ ಮೇಲೆ ನನಗಂತೂ ನಂಬಿಕೆ ಇಲ್ಲ. ಟರ್ನಿಟಿನ್ 2023ರ ಏಪ್ರಿಲ್‌ನಲ್ಲಿ ಅಂಥದೊಂದನ್ನು ತಂದಿತು. ಅದೇ ಆಗಸ್ಟ್‌ನಲ್ಲಿ ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯ ಅದನ್ನು ತನ್ನಲ್ಲಿ ನಿಲ್ಲಿಸಿತು. ಚಾಟ್‌ಜಿಪಿಟಿ ತಯಾರಿಸಿದ ಓಪನ್‌ಎಐ ಕಂಪನಿಯೇ ತನ್ನ ಪತ್ತೆ ಸಾಧನವನ್ನು ನಿಖರತೆ ಸಾಲದೆಂದು ಆ ಜುಲೈನಲ್ಲಿ ಹಿಂತೆಗೆದುಕೊಂಡಿತು. ಅದೇ ವರ್ಷ ಸ್ಟ್ಯಾನ್‌ಫರ್ಡ್ ಸಂಶೋಧಕರು ಮನುಷ್ಯರೇ ಬರೆದ 91 ಟೋಫೆಲ್ ಪ್ರಬಂಧಗಳನ್ನು ಇಂಥ ಏಳು ಸಾಧನಗಳಿಗೆ ಉಣಿಸಿದಾಗ ಸರಾಸರಿ ಅರ್ಧಕ್ಕಿಂತ ಹೆಚ್ಚಿನವು ಯಂತ್ರದ ಬರಹ ಎಂಬ ಉತ್ತರ ಬಂತು. ಅಂದರೆ ಎರಡನೇ ಭಾಷೆಯಾಗಿ ಇಂಗ್ಲಿಷ್ ಬರೆಯುವವರ ಮೇಲೇ ಸುಳ್ಳು ಆರೋಪ ಬೀಳುವ ಸಂಭವ ಹೆಚ್ಚು. ಅದಕ್ಕೇ ಮೊದಲ ಸಾಲಿನಿಂದ ಗೂಗಲ್ ಡಾಕ್ಸ್‌ನಂಥದ್ದರಲ್ಲಿ ಬರೆಯಿರಿ. ಯಾವ ದಿನ ಯಾವ ಹೊತ್ತಿನಲ್ಲಿ ಏನು ಬರೆದು ಏನು ಅಳಿಸಿದಿರಿ ಎಂಬ ಇತಿಹಾಸ ಅದರಲ್ಲಿ ಉಳಿಯುತ್ತದೆ. ಕೈಬರಹದ ಟಿಪ್ಪಣಿಗಳಿದ್ದರೆ ಎಸೆಯಬೇಡಿ.

ಆರೋಪ ಬಂದರೆ ಸಾಮಾನ್ಯವಾಗಿ ಮೊದಲು ಅಧ್ಯಾಪಕರು ಕರೆದು ಮಾತಾಡುತ್ತಾರೆ, ಆಮೇಲೆ ಶೈಕ್ಷಣಿಕ ಪ್ರಾಮಾಣಿಕತೆಯ ಕಚೇರಿಯಿಂದ ಪತ್ರ ಬರುತ್ತದೆ, ಉತ್ತರಿಸಲು ದಿನ ಗೊತ್ತುಮಾಡುತ್ತಾರೆ, ಮೇಲ್ಮನವಿಗೂ ಅವಕಾಶವಿರುತ್ತದೆ. ಇಲ್ಲಿ ನಮ್ಮ ಸಂಸ್ಕಾರವೇ ನಮಗೆ ಮುಳುವಾಗುತ್ತದೆ. ಹಿರಿಯರು ಗದರಿದರೆ ತಪ್ಪಿರಲಿ ಬಿಡಲಿ “ಸಾರಿ ಸರ್” ಎಂದು ತಲೆತಗ್ಗಿಸುವುದನ್ನು ಕಲಿತವರು ಮುಂದಿಟ್ಟ ಕಾಗದಕ್ಕೆ ಸಹಿ ಹಾಕಿ ಹೊರಬರುತ್ತಾರೆ. ಆ ಸಹಿ ತಪ್ಪೊಪ್ಪಿಗೆಯಾಗಿ ಕಡತಕ್ಕೆ ಸೇರುತ್ತದೆ. ಓದಿ ನೋಡಲು ಸಮಯ ಕೇಳಿ. ದೂರುಗಳನ್ನು ನಿಷ್ಪಕ್ಷಪಾತವಾಗಿ ಕೇಳುವ ಓಂಬಡ್ಸ್ ಕಚೇರಿ ಇದ್ದರೆ ಅಲ್ಲಿಗೂ, ಎಫ್‌–1 ಎಂಬ ವಿದ್ಯಾರ್ಥಿ ವೀಸಾದವರಾದರೆ ಅಂತರರಾಷ್ಟ್ರೀಯ ವಿದ್ಯಾರ್ಥಿಗಳ ಕಚೇರಿಗೂ ಹೋಗಿ. ಅಮಾನತು ಅಥವಾ ಉಚ್ಚಾಟನೆ ಆದರೆ ವಿದೇಶಿ ವಿದ್ಯಾರ್ಥಿಗಳ ಬಗ್ಗೆ ಅಮೆರಿಕ ಸರ್ಕಾರ ಇಡುವ ಸೆವಿಸ್ ದಾಖಲೆಯೂ ಕೊನೆಗೊಳ್ಳಬಹುದು.

ತರಗತಿ ಬಿಡುವ ಮುನ್ನ

ಎಫ್‌–1ನಲ್ಲಿರುವ ಪದವಿ ವಿದ್ಯಾರ್ಥಿ ಪ್ರತಿ ಸೆಮಿಸ್ಟರಿನಲ್ಲಿ ಕನಿಷ್ಠ 12 ಕ್ರೆಡಿಟ್ ಓದುತ್ತಿರಬೇಕು. 13 ಕ್ರೆಡಿಟ್ ತೆಗೆದುಕೊಂಡವನು ಬರವಣಿಗೆ ತಲೆನೋವಾಯಿತೆಂದು ರಾತ್ರಿ ಹನ್ನೊಂದಕ್ಕೆ ಫೋನಿನಲ್ಲೇ ಆ ಮೂರನ್ನು ಬಿಟ್ಟರೆ ಉಳಿಯುವುದು ಹತ್ತು. ವಿಶ್ವವಿದ್ಯಾಲಯದ ಗಣಕ ತಡೆಯದಿರಬಹುದು, ಆದರೆ ವೀಸಾ ಸ್ಥಿತಿ ಅಲ್ಲಿಗೆ ಕೆಟ್ಟಿತು. ಇದಕ್ಕೆ ನಿಯಮದಲ್ಲೇ ದಾರಿ ಇದೆ: ಮೊದಮೊದಲು ಇಂಗ್ಲಿಷ್ ಭಾಷೆ ಅಥವಾ ಓದಿನ ಹೊರೆಯಲ್ಲಿ ತೊಡಕು, ಅಮೆರಿಕದ ಬೋಧನಾ ಕ್ರಮದ ಪರಿಚಯ ಇಲ್ಲದಿರುವುದು, ತಪ್ಪು ಹಂತದ ತರಗತಿಗೆ ಸೇರಿದ್ದು ಈ ಕಾರಣಗಳಿಗೆ ಅಂತರರಾಷ್ಟ್ರೀಯ ವಿದ್ಯಾರ್ಥಿಗಳ ಕಚೇರಿಯ ಡಿಎಸ್‌ಒ ಎಂಬ ಅಧಿಕಾರಿ ಕಡಿಮೆ ಕ್ರೆಡಿಟ್‌ಗೆ ಅನುಮತಿ ಕೊಡಬಹುದು. ತರಗತಿ ಬಿಡುವ ಮೊದಲೇ ಅನುಮತಿ ಸಿಗಬೇಕು, ಆರು ಕ್ರೆಡಿಟ್ ಆದರೂ ಉಳಿಯಬೇಕು, ಮುಂದಿನ ಸೆಮಿಸ್ಟರಿನಲ್ಲಿ ಪೂರ್ಣ ಓದಿಗೆ ಮರಳಬೇಕು. ಒಂದು ಪದವಿ ಹಂತಕ್ಕೆ ಒಂದೇ ಬಾರಿ. ಆನ್‌ಲೈನ್ ವಿಭಾಗವಾದರೆ ಆ 12ರಲ್ಲಿ ಒಂದೇ ತರಗತಿ, ಅಂದರೆ ಮೂರು ಕ್ರೆಡಿಟ್‌ವರೆಗೆ ಮಾತ್ರ ಲೆಕ್ಕಕ್ಕೆ ಬರುತ್ತದೆ.

ಎಚ್‌–4 ಎಂಬ ಅವಲಂಬಿತರ ವೀಸಾದಲ್ಲಿ ಅಪ್ಪ ಅಮ್ಮನ ಜೊತೆ ಇರುವವರಿಗೆ ಈ 12ರ ಕಟ್ಟುಪಾಡಿಲ್ಲ. ಇಪ್ಪತ್ತೊಂದು ತುಂಬಿ ಎಫ್‌–1ಕ್ಕೆ ಬದಲಾದ ಮೇಲೆ ಅವರಿಗೂ ಇದೇ. ಎಲ್ಲರಿಗೂ ಅನ್ವಯಿಸುವುದು ದಿನಾಂಕಗಳ ಸಾಲು: ಮೊದಲ ವಾರಗಳಲ್ಲಿ ಬಿಟ್ಟರೆ ಅಂಕಪಟ್ಟಿಯಲ್ಲಿ ಗುರುತೂ ಇರದು, ಆಮೇಲೆ ಬಿಟ್ಟರೆ ನಡುವೆ ಬಿಟ್ಟವರೆಂದು ಸೂಚಿಸುವ ‘ಡಬ್ಲ್ಯು’, ಅದೂ ದಾಟಿದರೆ ಬಂದ ಗ್ರೇಡೇ ಗತಿ. ಉಳಿದ ಕೆಲಸವನ್ನು ಆಮೇಲೆ ಮುಗಿಸಲು ಬಿಡುವ ‘ಇನ್‌ಕಂಪ್ಲೀಟ್’ ಎಂಬುದು ಬಹುಪಾಲು ಕೆಲಸ ಮುಗಿಸಿ ಕೊನೆಯಲ್ಲಿ ಆಸ್ಪತ್ರೆ ಸೇರಿದಂಥವರಿಗೆ, ಹಿಂದುಳಿದವರ ಆಸರೆಯಲ್ಲ.

ಅಪ್ಪ ಅಮ್ಮಂದಿರಿಗೆ

1974ರ ಫೆರ್ಪಾ ಕಾಯ್ದೆಯ ಪ್ರಕಾರ ಮಗ ಕಾಲೇಜಿಗೆ ಸೇರಿದ ದಿನದಿಂದ ಶೈಕ್ಷಣಿಕ ದಾಖಲೆಗಳ ಹಕ್ಕು ಅವನದು. ಶುಲ್ಕ ಕಟ್ಟುವವರು ನೀವೇ ಆದರೂ ಅವನ ಲಿಖಿತ ಒಪ್ಪಿಗೆ ಇಲ್ಲದೆ ಅಧ್ಯಾಪಕರು ಅಂಕದ ಮಾತೆತ್ತುವುದಿಲ್ಲ. ತೆರಿಗೆ ಲೆಕ್ಕದಲ್ಲಿ ಅವಲಂಬಿತನಾಗಿದ್ದರೆ ವಿಶ್ವವಿದ್ಯಾಲಯ ಮಾಹಿತಿ ಕೊಡಬಹುದು, ಕೊಡಲೇಬೇಕೆಂದಿಲ್ಲ. ಅಧ್ಯಾಪಕರಿಗೆ ನೀವು ಇಮೇಲ್ ಬರೆಯಬೇಡಿ. ಉತ್ತರ ಬರುವುದಿಲ್ಲ, ಮಗನಿಗೆ ಮುಜುಗರ ಬೇರೆ.

ಡಿಸ್ಲೆಕ್ಸಿಯಾ, ಎಡಿಎಚ್‌ಡಿ ಇರುವ ಮಕ್ಕಳ ವಿಷಯದಲ್ಲಿ ನಮ್ಮ ಮನೆಗಳು ಬಾಯಿ ಬಿಗಿಹಿಡಿಯುತ್ತವೆ. ಹೈಸ್ಕೂಲಿನಲ್ಲಿ ಶಾಲೆಯೇ ಮುಂದೆ ಬಂದು ನೆರವಾಗುತ್ತಿತ್ತು, ಆ ಏರ್ಪಾಡು ಕಾಲೇಜಿಗೆ ತಾನಾಗಿ ಬರುವುದಿಲ್ಲ. 1973ರ ಪುನರ್ವಸತಿ ಕಾಯ್ದೆಯ ಸೆಕ್ಷನ್ 504 ಮತ್ತು 1990ರ ಎಡಿಎ ಎಂಬ ಅಂಗವಿಕಲರ ಹಕ್ಕುಗಳ ಕಾಯ್ದೆ ಕೊಡುವ ಹಕ್ಕು ಇದ್ದೇ ಇದೆ. ವಿದ್ಯಾರ್ಥಿಯೇ ಇದಕ್ಕೆಂದಿರುವ ಕಚೇರಿಗೆ ದಾಖಲೆ ಒಪ್ಪಿಸಿ, ತನಗೆ ಬೇಕಾದ ಅನುಕೂಲಗಳ ಪತ್ರವನ್ನು ಸೆಮಿಸ್ಟರಿಗೊಮ್ಮೆ ಪಡೆದು ಅಧ್ಯಾಪಕರಿಗೆ ತಲುಪಿಸಬೇಕು. ಅಂಕಪಟ್ಟಿಯಲ್ಲಿ ಇದರ ಸುಳಿವೂ ಇರುವುದಿಲ್ಲ. ಕಾಯಿಲೆಯ ಹೆಸರನ್ನು ಅಧ್ಯಾಪಕರಿಗೆ ಹೇಳಬೇಕಾಗಿಲ್ಲ. ಆದರೆ ನವೆಂಬರಿನಲ್ಲಿ ತಂದ ಪತ್ರ ಸೆಪ್ಟೆಂಬರಿನ ಗ್ರೇಡನ್ನು ಬದಲಿಸುವುದಿಲ್ಲ.

ಮಕ್ಕಳಿಗೂ ತಿಳಿದಿರಬೇಕಾದದ್ದೊಂದಿದೆ. ಸ್ವಂತ ಅನುಭವ ಬರೆಯುವ ಬರಹದಲ್ಲಿ ಲೈಂಗಿಕ ಕಿರುಕುಳದ ಪ್ರಸ್ತಾಪ ಬಂದರೆ ಅನೇಕ ವಿಶ್ವವಿದ್ಯಾಲಯಗಳಲ್ಲಿ ಅಧ್ಯಾಪಕರು ಅದನ್ನು ಲಿಂಗ ತಾರತಮ್ಯ, ಕಿರುಕುಳದ ದೂರುಗಳನ್ನು ನೋಡಿಕೊಳ್ಳುವ ಟೈಟಲ್ ನೈನ್ ಕಚೇರಿಗೆ ತಿಳಿಸಲೇಬೇಕು. ಗುಟ್ಟಾಗಿ ಮಾತಾಡಬೇಕೆಂದರೆ ಕ್ಯಾಂಪಸ್ಸಿನ ಆಪ್ತಸಮಾಲೋಚಕರ ಬಳಿ ಹೋಗಬೇಕು. ತೀರಾ ಕಂಗೆಟ್ಟ ಹೊತ್ತಿನಲ್ಲಿ 988 ಎಂಬ ಆತ್ಮಹತ್ಯೆ ತಡೆ ಸಹಾಯವಾಣಿಗೆ ದೇಶದ ಯಾವ ಮೂಲೆಯಿಂದಲೂ ಕರೆ ಮಾಡಬಹುದು.

ಗ್ರಂಥಾಲಯ ಎಂಬ ಖಜಾನೆ

ಪಠ್ಯಪುಸ್ತಕ ಕೊಳ್ಳುವ ಮೊದಲು ಗ್ರಂಥಾಲಯದ ಕಾಯ್ದಿರಿಸಿದ ಪ್ರತಿ ಇದೆಯೇ ನೋಡಿ. ಉಲ್ಲೇಖದ ನಿಯಮಗಳಿಗೆಂದು ಹಣ ಕೊಟ್ಟು ಕೈಪಿಡಿ ಕೊಳ್ಳುವುದು ದಂಡ. ಪರ್ಡ್ಯೂ ವಿಶ್ವವಿದ್ಯಾಲಯದ ಆನ್‌ಲೈನ್ ಬರವಣಿಗೆ ಪ್ರಯೋಗಾಲಯದಲ್ಲಿ ಎಂಎಲ್‌ಎ, ಎಪಿಎ ಎಂಬ ಎರಡೂ ಉಲ್ಲೇಖ ಶೈಲಿಗಳ ನಿಯಮಗಳು ಉದಾಹರಣೆ ಸಹಿತ ಪುಕ್ಕಟೆ ಸಿಗುತ್ತವೆ. ವಿಷಯ ಗೊತ್ತುಮಾಡಿಕೊಂಡು ಗ್ರಂಥಪಾಲಕರ ಹತ್ತಿರ ಅರ್ಧ ಗಂಟೆ ಕೂತರೆ ಗೂಗಲ್‌ನಲ್ಲಿ ಕಳೆಯುವ ಎರಡು ದಿನ ಉಳಿಯುತ್ತವೆ.

ಕನ್ನಡ ಪುಸ್ತಕವನ್ನೂ ಆಕರವಾಗಿ ಬಳಸಬಹುದು. ಶೀರ್ಷಿಕೆಯನ್ನು ರೋಮನ್ ಲಿಪಿಯಲ್ಲಿ ಬರೆದು ಪಕ್ಕದಲ್ಲಿ ಇಂಗ್ಲಿಷ್ ಅರ್ಥ ಕೊಟ್ಟರಾಯಿತು. ಪುಸ್ತಕ ಎಲ್ಲಿ ಸಿಗುತ್ತದೆ ಎನ್ನುವಿರಾ? ಲೈಬ್ರರಿ ಆಫ್ ಕಾಂಗ್ರೆಸ್‌ನ ದೆಹಲಿ ಕಚೇರಿ 1960ರ ದಶಕದಿಂದ ಭಾರತೀಯ ಭಾಷೆಗಳ ಪುಸ್ತಕಗಳನ್ನು ಕೊಂಡು ಅಮೆರಿಕಕ್ಕೆ ಕಳಿಸುತ್ತಿದೆ. ಶಿಕಾಗೊ, ವಿಸ್ಕಾನ್ಸಿನ್–ಮ್ಯಾಡಿಸನ್, ಟೆಕ್ಸಾಸ್–ಆಸ್ಟಿನ್ ವಿಶ್ವವಿದ್ಯಾಲಯಗಳ ಕಪಾಟುಗಳಲ್ಲಿ ನಮ್ಮ ಊರಿನ ಗ್ರಂಥಾಲಯದಲ್ಲೂ ಈಗ ಕಾಣದ ಕನ್ನಡ ಪುಸ್ತಕಗಳಿವೆ. ಅಂತರಗ್ರಂಥಾಲಯ ಎರವಲಿನಲ್ಲಿ ಕೇಳಿದರೆ ಸಾಮಾನ್ಯವಾಗಿ ಹಣ ತೆಗೆದುಕೊಳ್ಳದೆ ನಿಮ್ಮ ಕ್ಯಾಂಪಸ್ಸಿಗೇ ತರಿಸಿಕೊಡುತ್ತಾರೆ. ಬರಲು ಒಂದೆರಡು ವಾರ ಹಿಡಿಯಬಹುದು, ಬೇಗ ಕೇಳಿ.

ಸೆಮಿಸ್ಟರ್ ಮುಗಿಯುತ್ತಿದ್ದಂತೆ ಸಿಲಬಸ್‌ನ ಪ್ರತಿ, ನಿಮ್ಮ ಕೊನೆಯ ಪ್ರಬಂಧಗಳು, ಅಧ್ಯಾಪಕರ ಟಿಪ್ಪಣಿಗಳು ಎಲ್ಲವನ್ನೂ ಕ್ಯಾನ್ವಾಸ್‌ನಿಂದ ಇಳಿಸಿ ನಿಮ್ಮ ಬಳಿ ಇಟ್ಟುಕೊಳ್ಳಿ. ಕೆಲವು ಕಾಲದ ನಂತರ ಆ ಪುಟ ಮುಚ್ಚಿಹೋಗುತ್ತದೆ. ಬೇರೆ ವಿಶ್ವವಿದ್ಯಾಲಯಕ್ಕೆ ವರ್ಗಾವಣೆ ಪಡೆದಾಗ ಅಲ್ಲಿನವರು ಈ ತರಗತಿಯನ್ನು ಒಪ್ಪಲು ಹಿಂದೆಮುಂದೆ ನೋಡಿದರೆ ಮೊದಲು ಕೇಳುವುದು ಆ ಸಿಲಬಸ್ಸನ್ನೇ.